ಕೆರೆಯಂಗಳದ ಪ್ರೊಫೆಷನಲ್

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ, ಅವರು ಹೋಗಿ ಹದಿನೈದು ದಿನವಾದ ಮೇಲೆ. ಹಿಂದೆ ನಮ್ಮ ಸರ್ವೆ ಕ್ಯಾಂಪಿನಲ್ಲಿ ಅಡುಗೆಗಿದ್ದವನೊಬ್ಬ ಅರಕಲಗೂಡಿನ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸಾ, ನಮ್ ಗಾಲಪ್ಪ ಓಗ್ಬುಟ್ಟ ಕಣ್ ಸಾ" ಎಂದು ಕೂಗಿದ. ಯಾವಾಗ, ಹೇಗೆ ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟೇಹೋಯಿತು. ಧೂಳು ಇಳಿಯುವವರೆಗೆ ನಾನು ಅಲ್ಲೇ ನಿಂತಿದ್ದೆ. ಆಗ ನನ್ನ ಕಣ್ಣಿಗೆ ಬಂದದ್ದು ಅವರ ಮುಖವಲ್ಲ, ಬೆನ್ನು. ಚೆಂಡು ಹೊಡೆದಾದ ಮೇಲೆ ಎರಡೂ ಕೈ ಎಡ ಹೆಗಲ ಮೇಲೆ ಹಾಗೇ ನಿಲ್ಲಿಸಿಕೊಂಡು, ದೂರಕ್ಕೆ ನೋಡುತ್ತ, ಉಸಿರನ್ನೂ ಬಿಡದೆ ನಿಂತಿರುತ್ತಿದ್ದ ಆ ನೆಟ್ಟನೆಯ ಬೆನ್ನು.

ನಿಜವಾದ ಹೆಸರು ಬರೆಯುವುದಿಲ್ಲ. ಮಸ್ಟರ್ ರೋಲಿನಲ್ಲಿ ಒಂದು ಹೆಸರಿತ್ತು, ಅದನ್ನು ಕರೆದವರಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಯಾರೋ, "ಇದ್ಕೂ ಮುಂಚೆ ಏನ್ಲಾ ಮಾಡ್ತಿದ್ದೆ?" ಎಂದು ಕೇಳಿದರಂತೆ. "ಗಾಲ್ಪು ಆಡ್ತಿದ್ದೆ" ಅಂದರಂತೆ. ಅದೇನೆಂದು ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಗಾಲಪ್ಪ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂದೆಂದೋ ಬರಬಹುದಾದ ಕಾಲುವೆಗಾಗಿ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ನೆಲದ ಅಳತೆ ನಡೆಯುತ್ತಿತ್ತು. ನುಗ್ಗೇಹಳ್ಳಿಯಿಂದಾಚೆ, ತೆಂಗಿನ ತೋಟಗಳು ಮುಗಿದು ಬಯಲು ಶುರುವಾಗುವ ಕಡೆ ನಮ್ಮ ಡೇರೆಗಳಿದ್ದವು. ನಾನು ಓವರ್ಸಿಯರ್, ಇಪ್ಪತ್ಮೂರು ವರ್ಷ. ಅವರು ಚೈನ್‌ಮನ್, ಅಂದರೆ ಅಳತೆಯ ಸರಪಳಿಯ ತುದಿ ಹಿಡಿದು ಗದ್ದೆ, ಬೇಲಿ, ಹಳ್ಳಗಳಲ್ಲಿ ನಡೆಯುವ ಕೆಲಸದವರು. ನನ್ನ ತಂದೆಯ ವಯಸ್ಸು. ನಾನು ಅವರನ್ನು "ಬಾರಯ್ಯ, ಹೋಗಯ್ಯ" ಎಂದೇ ಮಾತನಾಡಿಸುತ್ತಿದ್ದೆ. ಆಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ ಎಂಬುದನ್ನು ಬರೆಯುವಾಗ ಈಗ ಕೈ ತಡೆಯುತ್ತದೆ.

ಅವರ ವಿಶೇಷ ಮೊದಲು ಗೊತ್ತಾದದ್ದು ದೂರದ ಲೆಕ್ಕದಲ್ಲಿ. ಒಂದು ಬೆಳಿಗ್ಗೆ ದೂರದ ಬೇವಿನ ಮರವೊಂದಕ್ಕೆ ಸರಪಳಿ ಎಳೆಯಬೇಕಿತ್ತು. ಅವರು ಹಣೆಗೆ ಕೈಯಡ್ಡ ಹಿಡಿದು ಒಂದು ಕ್ಷಣ ನೋಡಿ, "ನೂರಾ ನಲ್ವತ್ತೆಲ್ಡು ಗಜ ಐತೆ ಸಾ" ಅಂದರು. ಅಳೆದು ನೋಡಿದರೆ ನೂರ ನಲವತ್ತೊಂದೂವರೆ. ಆಕಸ್ಮಿಕವಿರಬೇಕೆಂದು ಇನ್ನೊಂದು ಮರ ತೋರಿಸಿದೆ, ಆಮೇಲೆ ಒಂದು ಬಂಡೆ, ಒಂದು ಮೇಯುತ್ತಿದ್ದ ಎಮ್ಮೆ. ಒಂದು ಗಜಕ್ಕಿಂತ ಹೆಚ್ಚು ತಪ್ಪಲಿಲ್ಲ. "ಎಮ್ಮೆ ನಡೀತೈತೆ ಸಾ, ಅದ್ಕೇ ಯತ್ವಾಸ" ಎಂದು ನಕ್ಕರು.

ಆ ವರ್ಷವೇ ಇಲಾಖೆಯಲ್ಲಿ ಮೀಟರಿನ ಸರಪಳಿಗಳು ಬಂದವು. ಅವರಿಗದು ದೊಡ್ಡ ದುಃಖವಾಯಿತು. ಹೊಸ ಸರಪಳಿಯನ್ನು ಕೈಯಲ್ಲಿ ಹಿಡಿದು, "ಗಜ ಓದ್ಮೇಲೆ ಬೂಮಿ ನಂಗೆ ಅಪರಿಚಿತ ಆಗೋತು ಸಾ" ಅಂದರು. ತಮಾಷೆಗೆ ಹೇಳಿದ್ದಲ್ಲ.

ಗಜದ ಈ ಕಣ್ಣು ಎಲ್ಲಿಂದ ಬಂತು ಎಂಬುದನ್ನು ಅವರು ಒಂದೇ ಸಲ ಹೇಳಲಿಲ್ಲ. ಸಂಜೆ ಡೇರೆಯ ಮುಂದೆ ಬೀಡಿ ಹಚ್ಚಿಕೊಂಡು, ಬಯಲಿನ ಮೇಲೆ ಬೆಳಕು ಹಳದಿಯಾಗುತ್ತ ಬರುವಾಗ, ಎಲ್ಲೆಲ್ಲಿಂದಲೋ ಶುರುಮಾಡಿ ಎಲ್ಲೆಲ್ಲೋ ಬಿಡುತ್ತಿದ್ದರು. ನಾನು ಜೋಡಿಸಿಕೊಂಡದ್ದು ಇಷ್ಟು. ಹೊಳೆನರಸೀಪುರದ ಹತ್ತಿರದ ಒಂದು ಊರಿನ ಕೇರಿಯಲ್ಲಿ ಹುಟ್ಟು. ತಂದೆ ಬೆಂಗಳೂರು ದಂಡಿಗೆ ತೋಟದ ಕೆಲಸಕ್ಕೆ ಹೋದರು. ಬಿಳಿಯರ ಕ್ಲಬ್ಬೊಂದರ ಹುಲ್ಲು ಕತ್ತರಿಸುವ ಕೆಲಸ. ಮಗನೂ ಹಿಂದೆ ಹೋಗಿ ದೊರೆಗಳ ಆಟದ ಚೀಲ ಹೊತ್ತ. ಅಲ್ಲಿ ಸ್ಕಾಟ್ಲೆಂಡಿನಿಂದ ಬಂದಿದ್ದ ಮುದುಕರೊಬ್ಬರು ಆಟ ಕಲಿಸುವುದಕ್ಕೂ ಕೋಲು ಮಾಡಿಕೊಡುವುದಕ್ಕೂ ಇದ್ದರು. ಅಂಥವರನ್ನು ಪ್ರೊಫೆಷನಲ್ ಅನ್ನುತ್ತಿದ್ದರಂತೆ. ಆಡಿ ಸಂಪಾದಿಸುವವರು, ಆಟವನ್ನೇ ಕಸುಬು ಮಾಡಿಕೊಂಡವರು. ಆ ಮುದುಕರ ಕೈಕೆಳಗೆ ಮರ ಕೆತ್ತುವುದನ್ನೂ ಚೆಂಡು ಹೊಡೆಯುವುದನ್ನೂ ಕಲಿತು, ಅವರು ತಮ್ಮ ದೇಶಕ್ಕೆ ಮರಳಿದ ಮೇಲೆ ನಮ್ಮ ಗಾಲಪ್ಪನೇ ಕೆಲವು ವರ್ಷ ಆ ಕ್ಲಬ್ಬಿನ ಪ್ರೊಫೆಷನಲ್ ಆದರು.

"ಅದು ಚಿನ್ನದ ಕಾಲ ಸಾ" ಎನ್ನುತ್ತಿದ್ದರು. ಊಟಿ, ಕಲ್ಕತ್ತ, ಬೊಂಬಾಯಿ, ಎಲ್ಲಿ ಪಂದ್ಯವಿದ್ದರೂ ಐದಾರು ಜನ ಪ್ರೊಫೆಷನಲ್‌ಗಳು ಮೂರನೇ ಕ್ಲಾಸಿನ ಡಬ್ಬಿಯಲ್ಲಿ ಕೋಲಿನ ಚೀಲಗಳನ್ನು ಕಾಲ ಕೆಳಗಿಟ್ಟುಕೊಂಡು ಹೊರಡುವರು. ಒಬ್ಬ ಮದರಾಸಿನವನು, ಒಬ್ಬ ಪಠಾಣ, ಒಬ್ಬ ಬಂಗಾಳಿ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೆ ಅರ್ಧ ಮೈಲಿ ದೂರದಿಂದ ಬರೀ ಕೋಲು ಬೀಸುವ ರೀತಿ ನೋಡಿ ಇದು ಇಂಥವನೇ ಎಂದು ಹೇಳಬಹುದಿತ್ತಂತೆ. "ಪಠಾಣ ಒಡುದ್ರೆ ಒನಕೆ ಬಿದ್ದಂಗೆ. ಬಂಗಾಳದವ್ನು ಒಡುದ್ರೆ ಮಗೀಗೆ ತೊಟ್ಲು ತೂಗ್ದಂಗೆ." ಎದ್ದುನಿಂತು ಒಬ್ಬೊಬ್ಬರ ಬೀಸುವಿಕೆಯನ್ನೂ ಮಾಡಿ ತೋರಿಸುವರು. ಕೈಯಲ್ಲಿ ಕೋಲಿಲ್ಲ, ಎದುರಿಗೆ ಚೆಂಡಿಲ್ಲ. ಆದರೂ ನಾವು ನಾಲ್ಕು ಜನ ಬಯಲಿನ ಆಚೆ ಏನೋ ಹಾರಿಹೋಯಿತೆಂಬಂತೆ ಕತ್ತೆತ್ತಿ ನೋಡುತ್ತಿದ್ದೆವು.

ಒಮ್ಮೆ ಕೇಳಿದೆ, "ಅಷ್ಟು ದೊಡ್ಡ ಕ್ಲಬ್ಬು, ಒಳಗೆ ಹೇಗಿರುತ್ತಿತ್ತು?"

"ಒಳೀಕೆ ನಾನು ಓಗಿಲ್ಲ ಸಾ."

"ಅಲ್ಲೇ ಅಷ್ಟು ವರ್ಷ ಇದ್ದೆಯಲ್ಲ?"

"ಪ್ರೊಪೆಸನಲ್‌ಗಳ್ಗೆ ಇಂದ್ಗಡೆ ಬಾಗ್ಲು. ಊಟ ಇಂದಿನ ಜಗಲೀಲಿ. ಕಪ್ಪು ಗೆದ್ರೂ ಜಗಲೀಗೇ ತಂದ್ಕೊಡೋರು." ಬೀಡಿಯ ಬೂದಿ ಕೊಡವಿದರು. "ಆದ್ರೆ ಉಲ್ಲಿನ ಮೇಲೆ ಇಂದ್ಲ ಬಾಗ್ಲು ಮುಂದ್ಲ ಬಾಗ್ಲು ಅಂತ ಇರ್ಲಿಲ್ಲ ಸಾ. ಚೆಂಡಿಗೆ ನಾನ್ಯಾರು ಅಂತ ಗೊತ್ತಿರ್ಲಿಲ್ಲ."

ಅರಕಲಗೂಡಿನ ನಮ್ಮ ಮನೆಗೂ ಒಂದು ಹಿತ್ತಲ ಬಾಗಿಲಿತ್ತು. ಅವರ ಕೇರಿಯಂಥ ಕೇರಿಯವರು ಬಂದರೆ ಅಲ್ಲಿಗೂ ಹತ್ತು ಮಾರು ದೂರದಲ್ಲಿ ನಿಲ್ಲುತ್ತಿದ್ದರು.

ಸ್ವಾತಂತ್ರ್ಯ ಬಂದು ದೊರೆಗಳು ಹೊರಟುಹೋದ ಮೇಲೆ ಕ್ಲಬ್ಬಿನವರು ಪ್ರೊಫೆಷನಲ್ ಬೇಡವೆಂದರು. ಅವರು ಊರಿಗೆ ಮರಳಿದರು. ಒಂದು ಟ್ರಂಕು, ಗೋಣಿಚೀಲದಲ್ಲಿ ಸುತ್ತಿದ ನಾಲ್ಕು ಕೋಲು, ಅಡಿಯಲ್ಲಿ ಮೊಳೆ ಹೊಡೆದ ಒಂದು ಜೊತೆ ಕಂದು ಬೂಟು. ಟ್ರಂಕಿನ ಮುಚ್ಚಳದ ಒಳಮೈಗೆ ಇಂಗ್ಲಿಷ್ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಅಂಟಿಸಿದ್ದರು. ಅಮೆರಿಕದವರು, ಇಂಗ್ಲೆಂಡಿನವರು, ಆಫ್ರಿಕದವನೊಬ್ಬ. ಹಾಸನದ ರದ್ದಿ ಅಂಗಡಿಯವನು ಪ್ಲಾಂಟರುಗಳ ಮನೆಯಿಂದ ಬರುವ ಪತ್ರಿಕೆಗಳನ್ನು ಇವರಿಗೆಂದೇ ಎತ್ತಿಡುತ್ತಿದ್ದ. ಆ ಚಿತ್ರಗಳಲ್ಲಿ ಆಟಗಾರರು ವಿಮಾನದಿಂದ ಇಳಿಯುತ್ತಿದ್ದರು, ಸಾವಿರಾರು ಜನ ಅವರ ಹಿಂದೆ ಓಡುತ್ತಿದ್ದರು. "ನೋಡಿ ಸಾ, ಇವ್ನೂ ನನ್ನಂಗೆ ಚೀಲ ಒತ್ತೋನೇ. ಈಗ ಮುಂದ್ಲ ಬಾಗ್ಲಲ್ಲೇ ಓಯ್ತನೆ" ಎಂದು ಹೆಮ್ಮೆಯಿಂದ ತೋರಿಸುವರು. ಪ್ರಪಂಚದ ಇನ್ನೊಂದು ಕಡೆ ಅವರ ಕಸುಬಿಗೆ ಆಗ ಬಂದಿದ್ದ ಬೆಳಕು ಅದು. ಚನ್ನರಾಯಪಟ್ಟಣದ ಬಯಲಿಗೆ ಆರು ತಿಂಗಳು ತಡವಾಗಿ, ಅಂಚು ಹಳದಿಯಾದ ಕಾಗದದಲ್ಲಿ ಬರುತ್ತಿತ್ತು. ಅಸೂಯೆಯ ಒಂದು ಮಾತನ್ನೂ ನಾನು ಕೇಳಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮ ಕ್ಯಾಂಪಿನ ಪಕ್ಕದ ಕೆರೆ ಪೂರ್ತಿ ಒಣಗಿತು. ಊರಿನ ಹೆಸರು ಬೇಡ. ನೀರು ಇಳಿದ ಅಂಗಳದಲ್ಲಿ ಗರಿಕೆ ಹುಟ್ಟಿ, ಕುರಿಗಳು ಅದನ್ನು ಮೇಯ್ದು ಮೇಯ್ದು, ನೋಡುವುದಕ್ಕೆ ಹಸಿರು ಜಮಖಾನ ಹಾಸಿದಂತೆ ಆಗಿತ್ತು. ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ಉದ್ದಕ್ಕೂ ಅಲ್ಲಲ್ಲಿ ನಮ್ಮ ಸರ್ವೆಯ ಕೆಂಪು ಬಾವುಟಗಳು ನಿಂತಿದ್ದವು. ಒಂಬತ್ತು. ಪ್ರತಿ ಬಾವುಟದ ಬುಡದಲ್ಲಿ ನೆಲಮಟ್ಟಕ್ಕೆ ಹೂತ ಒಂದು ಹಾಲಿನ ಪುಡಿ ಡಬ್ಬ. ಡಬ್ಬದ ಸುತ್ತ ಹತ್ತು ಹೆಜ್ಜೆ ಅಗಲ ಕೆರೆಯ ಮರಳು ಹರಡಿ, ಗೋಣಿತಾಟು ಎಳೆದು ನುಣ್ಣಗೆ ಮಾಡಿದ್ದರು. ಮಂಜು ಇನ್ನೂ ಏಳುತ್ತಿತ್ತು. ಏರಿಯ ಮೇಲಿಂದ ಬೆಳ್ಳಕ್ಕಿಗಳು ಇಳಿದು, ನೀರಿಲ್ಲದ್ದು ನೋಡಿ ಹಾಗೇ ನಿಂತಿದ್ದವು. ಅವುಗಳ ನಡುವೆ ಬೂಟು ಹಾಕಿಕೊಂಡು, ಪಂಚೆಯನ್ನು ಮೇಲಕ್ಕೆ ಕಟ್ಟಿ ಅವರು ಒಬ್ಬರೇ ನಡೆಯುತ್ತಿದ್ದರು. ಒಂದು ಸಣ್ಣ ಟಕ್ ಎಂಬ ಸದ್ದು. ಬಿಳಿಯ ಚುಕ್ಕೆಯೊಂದು ಮಂಜಿನೊಳಗೆ ಏರಿ ಕಾಣೆಯಾಗಿ, ಆಚೆ ಬಿಸಿಲಿನಲ್ಲಿ ಮತ್ತೆ ಹುಟ್ಟಿ, ಮೆಲ್ಲಗೆ ಇಳಿಯಿತು. ಬೆಳ್ಳಕ್ಕಿಗಳು ಏಳಲೂ ಇಲ್ಲ. ನಾನು ಹಲ್ಲುಜ್ಜುವುದನ್ನು ಮರೆತು ನಿಂತೆ.

ಹಳೆಯ ನಾಲ್ಕು ಕೋಲುಗಳಲ್ಲಿ ಒಂದು ಮುರಿದಾಗ ತಾವೇ ಹೊಸದು ಮಾಡಿದರು. ದಡಸಲು ಮರದ ಕೊಂಬೆ ತಂದು, ನೆರಳಿನಲ್ಲಿ ತಿಂಗಳು ಒಣಗಿಸಿ, ಗಾಜಿನ ಚೂರಿನಿಂದ ಹೆರೆದು ಹಿಡಿ ಮಾಡಿದರು. ಹೊಳೆನರಸೀಪುರದ ಒಬ್ಬ ಕಮ್ಮಾರನ ಮುಂದೆ ಎರಡು ದಿನ ಕೂತು ಕಬ್ಬಿಣದ ತಲೆ ಬಡಿಸಿಕೊಂಡು ಬಂದರು. ಚೆಂಡುಗಳಿಗೆ ಸರ್ವೆ ಕಲ್ಲಿಗೆ ಬಳಿಯುವ ಇಲಾಖೆಯ ಬಿಳಿ ಬಣ್ಣ. ಅದನ್ನು ನಾನು ಕಂಡೂ ಕಾಣದಂತಿದ್ದೆ.

ಮೂರನೆಯ ಭಾನುವಾರ ನನ್ನ ಕೈಗೂ ಕೋಲು ಕೊಟ್ಟರು. ನಾನು ಸೌದೆ ಒಡೆಯುವವನಂತೆ ಬಿಗಿಹಿಡಿದೆ. "ಅಸೀನ ಮೊಲೆ ಇಡ್ದಂಗೆ ಇಡ್ಕಳಿ ಸಾ. ಜೋರಾಗಿ ಇಡುದ್ರೆ ಒದೀತದೆ, ಬುಟ್ಬುಟ್ರೆ ಆಲು ಬರಾಕಿಲ್ಲ." ಇಪ್ಪತ್ತು ಸಲ ಮಣ್ಣು ಕೆತ್ತಿದೆ. ಒಮ್ಮೆಯೂ ನಗಲಿಲ್ಲ. "ಓದ್ ಚೆಂಡು ಓತು ಬುಡಿ. ಮುಂದ್ಲುದು ನಮ್ದು." ಇಪ್ಪತ್ತೊಂದನೆಯ ಸಲ ಕೋಲಿಗೂ ಚೆಂಡಿಗೂ ನಡುವೆ ಏನೋ ಒಂದು ಆಯಿತು. ಕೈಗೆ ಏನೂ ತಗುಲಿದಂತೆ ಅನ್ನಿಸಲೇ ಇಲ್ಲ, ಚೆಂಡು ಮಾತ್ರ ಮೇಲೆ ಹೋಗುತ್ತಿತ್ತು. ಖುಷಿಯಲ್ಲಿ ತಿರುಗಿ, "ನೋಡಿದಿರಾ?" ಅಂದೆ. ನೋಡಿದೆಯಾ ಅಲ್ಲ, ನೋಡಿದಿರಾ. ಬಾಯಿಂದ ತಾನಾಗಿ ಬಂದಿತ್ತು. ಅವರಿಗೆ ಕೇಳಿಸಿತೋ ಇಲ್ಲವೋ, "ನೂರಾ ಇಪ್ಪತ್ತು ಗಜ" ಎಂದಷ್ಟೇ ಹೇಳಿದರು. ಅಂದಿನಿಂದ ನನ್ನ ಬಾಯಿ ಮತ್ತೆ ಏಕವಚನಕ್ಕೆ ಹೋಗಲಿಲ್ಲ. ಕ್ಯಾಂಪಿನಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು.

ಆಟದ ನಿಯಮಗಳ ವಿಷಯದಲ್ಲಿ ಮಾತ್ರ ಅವರು ಕಲ್ಲು. ಚೆಂಡು ಬಿದ್ದ ಕಡೆಯಿಂದಲೇ ಆಡಬೇಕು. ಸಗಣಿಯ ಪಕ್ಕವಾಗಲಿ, ಗೊರಸಿನ ಗುಳಿಯಾಗಲಿ, ಸರಿಸುವಂತಿಲ್ಲ. ಯಾರೂ ನೋಡದಿದ್ದರೂ ಸರಿಸುವಂತಿಲ್ಲ. ಎಷ್ಟು ಹೊಡೆತವಾಯಿತೆಂದು ಅವರವರೇ ಹೇಳಬೇಕು, ಸುಳ್ಳು ಹೇಳಿದರೆ ಅವನು ಆಟಗಾರನಲ್ಲ.

ಅಂಗಳದ ನಡುವೆ ಒಂದು ಒರತೆ ಇತ್ತು. ಕೆರೆ ಒಣಗಿದಾಗ ಊರಿನವರು ಗುಂಡಿ ತೋಡಿ ಕುಡಿಯುವ ನೀರು ಮೊಗೆಯುತ್ತಿದ್ದ ಜಾಗ. ಕೇರಿಯವರಿಗೆ ಬೇರೆ ಒರತೆ, ದೂರದ ಕೋಡಿಯ ಕಡೆ. ಏಳನೆಯ ಬಾವುಟಕ್ಕೆ ನೇರ ದಾರಿ ಊರಿನ ಒರತೆಯ ಪಕ್ಕದಲ್ಲೇ ಹೋಗಬೇಕಿತ್ತು. ಅವರು ಬೇಕೆಂದೇ ಒರತೆಯನ್ನು ಸುತ್ತುಬಳಸಿ, ದಾರಿಯನ್ನು ಮೊಣಕೈಯಂತೆ ಬಾಗಿಸಿ ಇಟ್ಟಿದ್ದರು. ಚೆಂಡು ನೀರಿಗೆ ಬಿದ್ದೀತೆಂಬ ಭಯ ಎಂದುಕೊಂಡಿದ್ದೆ.

ಆಗಲೇ ಬೆಂಗಳೂರಿನಿಂದ ನಮ್ಮ ದೊಡ್ಡ ಇಂಜಿನಿಯರು ತನಿಖೆಗೆ ಬಂದರು. ಜೀಪು ಏರಿಯ ಮೇಲೆ ನಿಲ್ಲಿಸಿ, ಅಂಗಳದ ಕೆಂಪು ಬಾವುಟಗಳನ್ನು ನೋಡಿ, "ಅದ್ಯಾವ ಲೈನ್ ರೀ? ಪ್ಲಾನಿನಲ್ಲಿ ಇಲ್ಲವಲ್ಲ" ಎಂದು ಕೇಳಿದರು. ನಾನು ತೊದಲುತ್ತ, "ಸರ್, ಅದು… ಗಾಲ್ಫು" ಅಂದೆ. ಅವರು ಅರೆಗಳಿಗೆ ನನ್ನ ಮುಖ ನೋಡಿ ಜೋರಾಗಿ ನಕ್ಕುಬಿಟ್ಟರು. ಅವರೇ ಒಂದು ಕ್ಲಬ್ಬಿನ ಸದಸ್ಯರು. ಜೀಪಿನ ಹಿಂದಿನ ಸೀಟಿನಲ್ಲಿ, ಸಕಲೇಶಪುರದ ಪ್ಲಾಂಟರುಗಳ ಪಂದ್ಯಕ್ಕೆ ಹೊರಟಿದ್ದ ತರುಣ ಪ್ರೊಫೆಷನಲ್ ಒಬ್ಬನನ್ನು ಜೊತೆಗೆ ಕರೆತಂದಿದ್ದರು. ಇಪ್ಪತ್ತೈದರ ವಯಸ್ಸು, ದಂಡಿನ ಹುಡುಗ. ಆ ವರ್ಷ ಬೆಂಗಳೂರಿನಲ್ಲಿ ಅವನನ್ನು ಸೋಲಿಸುವವರಿರಲಿಲ್ಲವಂತೆ. ಗಾಲಪ್ಪನವರನ್ನು ಕರೆಸಿದೆವು. ಅವರ ನಿಜವಾದ ಹೆಸರು ಕೇಳಿದ್ದೇ ಆ ತರುಣ ಜೀಪಿನಿಂದ ಜಿಗಿದು ಇಳಿದ.

"ಅಣ್ಣಾ, ನೀವಾ? ನಮ್ ಮೇಸ್ತ್ರಿ ನಿಮ್ ಕತೆ ಹೇಳಿ ಹೇಳಿನೇ ನಮ್ಗೆಲ್ಲ ಆಟ ಕಲ್ಸಿದ್ದು. ನೀವು ಇಲ್ಲ, ಹೋಗ್ಬಿಟ್ರಿ ಅಂದ್ಕೊಂಡಿದ್ವಿ."

"ಇನ್ನೂ ಓಗಿಲ್ಲ ಕಣಪ್ಪ. ಸರಪಣಿ ಇಡ್ಕೊಂಡು ಇಲ್ಲೇ ಸುತ್ತುತಾ ಇವ್ನಿ."

ಮಾರನೆಯ ದಿನ ಭಾನುವಾರ. ಇಬ್ಬರೂ ಆಡಬೇಕೆಂದು ಇಂಜಿನಿಯರು ಹಟ ಹಿಡಿದರು. ಒಂಬತ್ತು ಗುಳಿ. ಕಡಿಮೆ ಹೊಡೆತದಲ್ಲಿ ಚೆಂಡನ್ನು ಡಬ್ಬಕ್ಕೆ ಹಾಕಿದವನಿಗೆ ಆ ಗುಳಿ. ಹೆಚ್ಚು ಗುಳಿ ಗೆದ್ದವನಿಗೆ ಪಂದ್ಯ. ದೊಡ್ಡ ಸಾಹೇಬರು ಗಾಲಪ್ಪನ ಕೋಲಾಟ ಆಡಿಸುತ್ತಾರಂತೆ ಎಂದು ಸುದ್ದಿ ಹಬ್ಬಿ, ಇಳಿಹೊತ್ತಿಗೆ ಏರಿಯ ಮೇಲೆ ಊರಿಗೆ ಊರೇ ಕೂತಿತ್ತು. ಪಟೇಲರಿಗೆ ಒಂದು ಮಡಿಸುವ ಕುರ್ಚಿ ಹಾಕಿಸಿದ್ದೆವು. ನಾನು ಫೀಲ್ಡ್ ಬುಕ್ಕಿನಲ್ಲಿ ಹೊಡೆತಗಳನ್ನು ಬರೆದುಕೊಳ್ಳುತ್ತಿದ್ದೆ.

ತರುಣನ ಹತ್ತಿರ ಹೊಳೆಯುವ ಉಕ್ಕಿನ ಕೋಲುಗಳು, ಚರ್ಮದ ಚೀಲ. ಇವರ ಹತ್ತಿರ ದಡಸಲು ಮರ, ಕಮ್ಮಾರನ ಕಬ್ಬಿಣ. ಅವನ ಚೆಂಡು ಗಿಡುಗನಂತೆ ಹೋಗುತ್ತಿತ್ತು. ಇವರದು ನಲವತ್ತು ಗಜ ಹಿಂದೆ, ಆದರೆ ಹೇಳಿ ಕಳಿಸಿದ ಕಡೆಗೇ. ಆರು ಗುಳಿ ಮುಗಿದಾಗ ತರುಣ ಒಂದೇ ಒಂದು ಗುಳಿ ಮುಂದಿದ್ದ. ಅವರ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಶಾಂತಿಯಿತ್ತು. ಸುತ್ತ ಇದ್ದ ನಾವು ಯಾರೂ ಅವರ ಲೆಕ್ಕದಲ್ಲಿರಲಿಲ್ಲ. ಪಠಾಣನೂ ಬಂಗಾಳಿಯೂ ಹಿಂದೆ ನಡೆದು ಬರುತ್ತಿದ್ದರೋ ಏನೋ.

ಏಳನೆಯದಕ್ಕೆ ಅವರ ಚೆಂಡು ಸರಿಯಾಗೇ ಹೋಯಿತು. ಆದರೆ ನೆಲದಲ್ಲಿದ್ದ ಒಂದು ಕಲ್ಲಿಗೆ ತಗುಲಿ, ಅಡ್ಡಕ್ಕೆ ಜಿಗಿದು ಉರುಳಿ ಉರುಳಿ, ಊರಿನ ಒರತೆಯಿಂದ ಮೂರು ಮಾರು ದೂರದಲ್ಲಿ ಒದ್ದೆ ಮಣ್ಣಿನ ಮೇಲೆ ನಿಂತಿತು. ಒಬ್ಬ ಮುದುಕಿ ಅಲ್ಲಿ ಬಿಂದಿಗೆ ತುಂಬಿಸುತ್ತಿದ್ದಳು.

ಏರಿಯ ಮೇಲಿನ ಗದ್ದಲ ಒಮ್ಮೆಗೇ ನಿಂತಿತು. ಅವರೂ ನಿಂತರು. ಆಗ ನನಗೆ ಏಳನೆಯ ದಾರಿ ಯಾಕೆ ಬಾಗಿತ್ತೆಂಬುದು ಅರ್ಥವಾಯಿತು.

"ಅಲ್ಲೇ ನಿಂತ್ಕೊಳ್ಲಾ" ಎಂದು ಪಟೇಲರು ಕುರ್ಚಿಯಿಂದಲೇ ಹೇಳಿದರು. ಸಿಟ್ಟಿನಿಂದಲ್ಲ, ಗೊತ್ತಿರುವುದನ್ನು ನೆನಪಿಸುವವರಂತೆ. "ನಮ್ಮೋರು ಯಾರಾನ ಚೆಂಡ ಈಚೆಗೆ ಎಸೀತಾರೆ. ಆಮೇಲೆ ಆಡು."

ಇಂಜಿನಿಯರಿಗೆ ಮುಜುಗರವಾಯಿತು. "ಹೌದಪ್ಪ, ಎತ್ತಿ ಈಚೆ ಹಾಕಿಕೋ, ಪರವಾಗಿಲ್ಲ, ದಂಡವೇನೂ ಬೇಡ" ಎಂದರು.

"ಬಿದ್ದ ಕಡೆಯಿಂದ್ಲೇ ಆಡ್ಬೇಕು ಸಾ. ಅದೇ ರೂಲು."

"ಯಾವನ ರೂಲ್ಲಾ ಅದು?" ಪಟೇಲರು ಎದ್ದುನಿಂತರು.

"ಆಟದ್ದು ಪಟೇಲ್ರೇ."

ಆಗ ಅವರು ಒಮ್ಮೆ ನನ್ನ ಕಡೆ ನೋಡಿದರು. ಆ ಕ್ಯಾಂಪಿಗೆ ನಾನು ಮೇಲಿನವನು. ಆಡಲಿ ಬಿಡಿ ಎಂದು ಒಂದು ಮಾತು ನಾನು ಹೇಳಬಹುದಿತ್ತು. ನಾನು ತಲೆ ತಗ್ಗಿಸಿ ಫೀಲ್ಡ್ ಬುಕ್ಕಿನ ಪುಟ ನೋಡಿದೆ. ಅದರಲ್ಲಿ ನೋಡುವುದೇನೂ ಇರಲಿಲ್ಲ.

ಅವರು ನಡೆದರು. ಬೂಟು ಬಿಚ್ಚಲಿಲ್ಲ, ಹೆಜ್ಜೆ ಜೋರೂ ಮಾಡಲಿಲ್ಲ. ಮುದುಕಿ ಅವರು ಬರುವುದನ್ನು ನೋಡಿ ಬಿಂದಿಗೆಯ ಬಾಯಿಗೆ ಸೆರಗು ಮುಚ್ಚಿದಳು. ಅವರು ಚೆಂಡಿಗೂ ನಾಲ್ಕು ಹೆಜ್ಜೆ ಈಚೆಗೇ ನಿಂತು, "ನೀನು ತುಂಬ್ಕಳವ್ವ. ನಂಗೇನು ಅವಸ್ರ ಇಲ್ಲ" ಎಂದರು. ಅವಳು ತುಂಬಿಸಿಕೊಂಡು, ಸೊಂಟಕ್ಕಿಟ್ಟು, ಹಿಂದೆ ನೋಡುತ್ತ ನೋಡುತ್ತ ಏರಿ ಹತ್ತುವವರೆಗೂ ಕೋಲು ಊರಿಕೊಂಡು ಕಾದರು.

ಆಮೇಲೆ ಹೊಡೆದರು. ಒದ್ದೆ ಮಣ್ಣಿನಿಂದ ಹೊಡೆಯುವುದು ಬಹಳ ಕಷ್ಟವೆಂದು ಅವರೇ ನನಗೆ ಹೇಳಿದ್ದರು. ಚೆಂಡು ಎದ್ದು, ಪಡುವಣದ ಬಿಸಿಲಿನೊಳಗೆ ಹೊಕ್ಕು, ಇಳಿದು, ಏಳನೆಯ ಬಾವುಟದ ಮರಳಿನ ಮೇಲೆ ಬಿದ್ದು, ಡಬ್ಬಕ್ಕೆ ಒಂದು ಮೊಳ ಈಚೆ ನಿಂತಿತು. ಆ ತರುಣನೊಬ್ಬನೇ ಚಪ್ಪಾಳೆ ತಟ್ಟಿದ. ಅವನ ಎರಡು ಕೈಗಳ ಸದ್ದು ಏರಿಗೆ ಬಡಿದು ವಾಪಸು ಬಂತು. ಅವರು ಹೊಡೆತಕ್ಕೆ ಎದ್ದಿದ್ದ ಮಣ್ಣಿನ ಹೆಂಟೆಯನ್ನು ಹುಡುಕಿ ತಂದು, ಇದ್ದ ಜಾಗದಲ್ಲೇ ಕೂರಿಸಿ, ಬಗ್ಗಿ ಅಂಗೈಯಿಂದ ಮೆಲ್ಲಗೆ ತಟ್ಟಿದರು. ಅದೂ ಆಟದ ನಿಯಮವೇ.

ಆ ಗುಳಿ ಅವರದಾಯಿತು. ಎಂಟನೆಯದು ಸಮ. ಒಂಬತ್ತನೆಯದರಲ್ಲಿ ಎರಡು ಮೊಳ ದೂರದ, ಕಣ್ಣು ಮುಚ್ಚಿ ಹಾಕಬಹುದಾದ ಚೆಂಡು ಅವರ ಕೈ ತಪ್ಪಿ ಡಬ್ಬದ ಅಂಚು ಸವರಿಕೊಂಡು ಹೋಯಿತು. ಸೋತರು. ತರುಣನ ಹೆಗಲು ತಟ್ಟಿ, "ಬೋ ಚೆನ್ನಾಗಿ ಆಡ್ದೆ ಕಣಪ್ಪ" ಅಂದರು. ಅವನು ಹೋಗುವಾಗ ಕಮ್ಮಾರನ ಆ ಕಬ್ಬಿಣದ ಕೋಲನ್ನು ಕೇಳಿ ಪಡೆದುಕೊಂಡು ಹೋದ.

ಮಾರನೆಯ ಬೆಳಿಗ್ಗೆ ಒರತೆಯ ಮೇಲೆ ಜಾಲಿ ಮುಳ್ಳು ಹೊದಿಸಿತ್ತು. ಊರಿನವರು ಐವತ್ತು ಮಾರು ಆಚೆ ಹೊಸ ಗುಂಡಿ ತೋಡುತ್ತಿದ್ದರು. ಅಂಗಡಿಯವನು ನಮ್ಮ ಕ್ಯಾಂಪಿಗೆ ಸಾಮಾನು ಕೊಡುವುದಿಲ್ಲವೆಂದ. ಅಕ್ಕಿಗೆ, ಸೀಮೆಎಣ್ಣೆಗೆ ಚನ್ನರಾಯಪಟ್ಟಣಕ್ಕೇ ಹೋಗಬೇಕಾಯಿತು. ನನಗೆ ಗಾಲಪ್ಪನವರ ಮೇಲೆ ಸಿಟ್ಟು ಬಂತು. ಒಂದು ಚೆಂಡನ್ನು ಈಚೆ ಎಸೆಸಿಕೊಂಡಿದ್ದರೆ ಏನು ಹೋಗುತ್ತಿತ್ತು ಎಂದುಕೊಂಡೆ. ಅದೇ ವಾರ ಊರಿನವರ ಅರ್ಜಿ ಹಾಸನದ ಕಚೇರಿಗೆ ಹೋಯಿತು. ನನ್ನಿಂದ ವಿವರಣೆ ಕೇಳಿದರು. ಆಟ ಆಡಿಸಿದ ದೊಡ್ಡ ಇಂಜಿನಿಯರು ಚಕಾರವೆತ್ತಲಿಲ್ಲ. ನಾನು ಮೂರು ಸಲ ಬರೆದು ಹರಿದು, ನಾಲ್ಕನೆಯ ಸಲ ಬರೆದೆ: ಘಟನೆ ನಡೆದ ದಿನ ನಾನು ಸ್ವಂತ ಕೆಲಸದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿದ್ದೆನು, ಸ್ಥಳದಲ್ಲಿರಲಿಲ್ಲ.

ಅವರನ್ನು ರಾಮನಾಥಪುರದ ಕಡೆಗೆ ವರ್ಗ ಮಾಡಿದರು. ಹೊರಡುವ ಹಿಂದಿನ ದಿನ ಒಂಬತ್ತು ಡಬ್ಬಗಳನ್ನೂ ಕಿತ್ತು, ದನದ ಕಾಲು ಸಿಕ್ಕದಂತೆ ಗುಳಿಗಳನ್ನು ಮುಚ್ಚಿ, ಬಾವುಟಗಳನ್ನು ಎಣಿಸಿ ನನಗೆ ಒಪ್ಪಿಸಿದರು. "ಬತ್ತೀನಿ ಸಾ" ಎಂದರು. ಹದಿನೈದು ದಿನದೊಳಗೆ ಮುಂಗಾರು ಹಿಡಿದು ಕೆರೆಗೆ ನೀರು ಬಂತು. ಮರಳು, ಗರಿಕೆ, ಮುಳ್ಳು ಹೊದಿಸಿದ ಗುಂಡಿ, ಹೊಸ ಗುಂಡಿ ಎಲ್ಲದರ ಮೇಲೂ ಒಂದೇ ನೀರು ನಿಂತಿತು.

ನಾಲ್ಕು ವರ್ಷದ ಮೇಲೆ ನನಗೆ ಅರಕಲಗೂಡಿಗೇ ವರ್ಗವಾಯಿತು. ಕೆಲಸದ ಮೇಲೆ ಕೊಣನೂರಿಗೆ ಹೋದವನು, ಅವರು ರಾಮನಾಥಪುರದಲ್ಲೇ ಇದ್ದಾರೆಂದು ತಿಳಿದು ಮುಂದಿನ ಬಸ್ಸು ಹತ್ತಿದೆ. ಹೊಗೆಸೊಪ್ಪಿನ ಹರಾಜಿನ ಕಾಲ. ಊರೆಲ್ಲ ಘಾಟು. ಕೆಲಸದಿಂದ ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಆಕೆ ಅಲ್ಲಿನ ಶಾಲೆಯಲ್ಲಿ ಟೀಚರ್. "ಅಪ್ಪ ಒಳೆತಾವ್ಲೇ ಇರ್ತಾರೆ, ಓಗಿ ಸಾರ್" ಎಂದಳು. ಕಾವೇರಿಯ ದಡದಲ್ಲಿ ಬಂಡೆಯ ಮೇಲೆ ಕೂತಿದ್ದರು. ಬಹಳ ಇಳಿದುಹೋಗಿದ್ದರು, ಮಾತಿನ ನಡುವೆ ಕೆಮ್ಮು. ಎದ್ದುನಿಲ್ಲಲು ಹೋದರು, ನಾನೇ ಹಿಡಿದು ಕೂರಿಸಿ ಪಕ್ಕದಲ್ಲಿ ಕೂತೆ. ಅದೂ ಇದೂ ಮಾತಾಡಿದೆವು. ಕೊನೆಗೆ ತಡೆಯಲಾರದೆ ಹೇಳಿದೆ.

"ನಾನು ಅವತ್ತು ಹಾಸನಕ್ಕೆ ಒಂದು ಕಾಗದ ಬರೆದೆ. ಸ್ಥಳದಲ್ಲಿ ಇರಲಿಲ್ಲ ಅಂತ."

"ಗೊತ್ತು ಸಾ. ಆಪೀಸ್ನಾಗೆ ನಂಗೇ ಓದಿ ಯೋಳುದ್ರು."

"ಯಾಕೆ ಒಂದು ಮಾತೂ ಕೇಳಲಿಲ್ಲ ನೀವು?"

ಅವರು ಹೊಳೆಯ ಆಚೆ ದಡವನ್ನು ಕಣ್ಣು ಕಿರಿದು ಮಾಡಿ ಅಳೆಯುವವರಂತೆ ನೋಡುತ್ತಿದ್ದರು. ನಡುವೆ ನೀರು ಸದ್ದಿಲ್ಲದೆ ಹೋಗುತ್ತಿತ್ತು. ಆಮೇಲೆ, "ನಾನು ಒಡೆಯಾವಾಗ ನೋಡುದ್ರಾ ಸಾ? ಇಲ್ಲ, ಆವಾಗ್ಲೂ ಬುಕ್ಕೇ ನೋಡ್ತಿದ್ರಾ?" ಎಂದು ಕೇಳಿದರು.

"ನೋಡಿದೆ. ಪೂರ್ತಿ ನೋಡಿದೆ."

"ಎಲ್ಲಿ ನಿಂತಿದ್ರಿ?"

"ಏರಿಯ ಇಳಿಜಾರಿನಲ್ಲಿ. ನಿಮ್ಮ ಬಲಕ್ಕೆ."

"ಅಲ್ಲಿಂದ ಚೆನ್ನಾಗಿ ಕಂಡಿರ್ತೈತೆ." ನನ್ನ ಕಡೆ ತಿರುಗಿದರು. "ನಂಗೆ ವೊತ್ತು ಎದ್ರುಗಿತ್ತು. ಚೆಂಡು ಎದ್ದಿದ್ದಷ್ಟೇ ಕಂಡಿದ್ದು, ಆಮ್ಯಾಕೆ ಬರೀ ಬೆಳಕು. ಜಲ್ಮದಾಗೆ ಅಂಥದ್ದು ಒಂದೇ ಒಡ್ದಿದ್ದು ನಾನು, ಅದ್ನೂ ನೋಡ್ನಿಲ್ಲ. ಎಂಗೋತು, ಯೋಳಿ ಸಾ."

ನಾನು ಹೇಳಿದೆ. ಮಣ್ಣಿನಿಂದ ಎದ್ದದ್ದು, ಏರಿಯ ಮಟ್ಟ ದಾಟಿದ್ದು, ಬಿಸಿಲಿನ ನಡುವೆ ಒಂದು ಕ್ಷಣ ಇಳಿಯಲೋ ಬೇಡವೋ ಎನ್ನುವಂತೆ ನಿಂತದ್ದು, ಮರಳಿನ ಮೇಲೆ ಬಿದ್ದಾಗ ಸಣ್ಣ ಹೊಗೆಯಂತೆ ಧೂಳೆದ್ದದ್ದು, ಒಂದೇ ಒಂದು ಸಲ ಪುಟಿದು ಡಬ್ಬದ ಕಡೆ ಉರುಳಿದ್ದು. ಅವರು ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ಇನ್ನೊಂದ್ಸಲ ಯೋಳಿ ಸಾ" ಅಂದರು. "ನಿಧಾನಕ್ಕೆ."